ಇಪ್ಪತ್ತು ನಿಮಿಷದ ಬಾಣಂತನ

ನಮ್ಮ ಮಾಮಾನಿಗೆ ಮಕ್ಕಳಿಲ್ಲ ಎಂದು ದಾಂಡೇಲಿಯಲ್ಲಿ ಯಾರಾದರೂ ಹೇಳಿದರೆ ನೀವು ನಂಬಕೂಡದು. ಕಡಿಮೆಯೆಂದರೂ ಐವತ್ತು ಬಾಣಂತನ ಮಾಡಿದ ಕೈ ಅದು! ಎಲ್ಲವೂ ಕಬ್ಬಿಣದ ಕೂಸುಗಳು, ಒಂದೊಂದೂ ಮೊಳಕ್ಕಿಂತ ತುಸು ಉದ್ದ. ಹುಟ್ಟಿದ ಮೊದಲ ಇಪ್ಪತ್ತು ನಿಮಿಷ ಆ ಕೂಸಿನ ಪಕ್ಕದಿಂದ ಮಾಮಾನನ್ನು ಎಬ್ಬಿಸುವುದು ಬ್ರಹ್ಮನಿಂದಲೂ ಆಗದ ಕೆಲಸ. ಉತ್ಪ್ರೇಕ್ಷೆ ಅನ್ನುತ್ತೀರಾ? ಹಳಿಯಾಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಸುಳ್ಳು ಹೇಳಿದ್ದರೆ ನನ್ನ ಕೈಯಲ್ಲಿರುವ ಚಾಕ್‌ಪೀಸು ಇಲ್ಲೇ ಮುರಿಯಲಿ.

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅಂಬೇವಾಡಿಯಲ್ಲಿ ಮನೆ, ಮನೆಯ ಮುಂದೆ ಒಂದು ತಗಡಿನ ಶೆಡ್ಡು. ಡ್ಯೂಟಿ ಇದ್ದ ದಿನಗಳಲ್ಲೂ ಡ್ಯೂಟಿ ಮುಗಿಸಿ ಅವರು ಬರುತ್ತಿದ್ದದ್ದು ಮನೆಗಲ್ಲ, ಶೆಡ್ಡಿಗೆ. ಹಳೆಯ ಕಾರು, ಹಳೆಯ ಜೀಪುಗಳ ಇಂಜಿನ್ ಕೆಲಸ ಮಾತ್ರ ಮಾಡುತ್ತಾರೆ. ಹೊಸ ಗಾಡಿ ತಂದವರಿಗೆ ಅವರ ಉತ್ತರ ಸಿದ್ಧವಾಗಿರುತ್ತದೆ.

"ಇದು ಗಾಡಿ ಅಲ್ಲೋ ಮಾರಾಯಾ, ನಾಕು ಗಾಲಿ ಮ್ಯಾಲೆ ಕುಂತ ಟೀವಿ. ಟೀವಿ ರಿಪೇರಿ ಮಾಡಾಂವ ಬ್ಯಾರೆ ಅದಾನ, ಅಲ್ಲಿ ಹೋಗು."

ಈಗ ಬಾಣಂತನದ ವಿಷಯ. ಪಾಠ ಮಾಡುವ ಚಟ ನನ್ನದು, ಒಂದೈದು ಸಾಲು ಸಹಿಸಿಕೊಳ್ಳಿ. ಕಾರಿನ ಇಂಜಿನ್ನಿನ ಹೊಟ್ಟೆಯೊಳಗೆ ಕ್ಯಾಮ್ ಶಾಫ್ಟ್ ಎಂಬ ಒಂದು ಸರಳು ತಿರುಗುತ್ತಿರುತ್ತದೆ. ಅದರ ಮೈಮೇಲೆ ಸಾಲಾಗಿ ಉಬ್ಬುಗಳು. ಸರಳು ತಿರುಗಿದಂತೆ ಒಂದೊಂದು ಉಬ್ಬೂ ತನ್ನ ಮೇಲೆ ಕುಳಿತ ಟ್ಯಾಪೆಟ್ ಎಂಬ ಗುಂಡನೆಯ ಬಿಲ್ಲೆಯನ್ನು ಎತ್ತಿ ಇಳಿಸುತ್ತದೆ. ಅದರಿಂದ ವಾಲ್ವ್ ತೆರೆದು ಮುಚ್ಚಿ ಇಂಜಿನ್ನು ಉಸಿರಾಡುತ್ತದೆ. ಕ್ಯಾಮ್ ಹೊಸದು, ಟ್ಯಾಪೆಟ್ ಹೊಸದು ಎಂದಾದರೆ ಅವೆರಡೂ ಮೊದಲು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳಬೇಕು. ಹೊಂದಿಕೊಳ್ಳಲು ಎಣ್ಣೆ ಬೇಕು. ಎಣ್ಣೆ ಅಲ್ಲಿಯವರೆಗೆ ಚಿಮ್ಮಿ ಬರಬೇಕಾದರೆ ಇಂಜಿನ್ನು ಮೊದಲ ಕ್ಷಣದಿಂದಲೇ ಜೋರಾಗಿ ಓಡಬೇಕು. ನಿಧಾನಕ್ಕೆ ಗುರುಗುಟ್ಟುತ್ತ ನಿಂತರೆ ಒಣ ಉಜ್ಜಾಟವಾಗಿ ಹೊಸ ಉಬ್ಬು ನಿಮಿಷಗಳಲ್ಲಿ ಸವೆಯುತ್ತದೆ. ಆದ್ದರಿಂದ ಮೊದಲ ಸಲ ಸ್ಟಾರ್ಟ್ ಮಾಡಿದ ಮೇಲೆ ಇಪ್ಪತ್ತು ನಿಮಿಷ ರೇಸ್ ಇಳಿಸುವಂತಿಲ್ಲ. ಇದಿಷ್ಟು ವಿಜ್ಞಾನ, ಮುಗಿಯಿತು. ಉಳಿದದ್ದೆಲ್ಲ ಮಾಮಾ.

ಏಕೆಂದರೆ ಬೇರೆ ಮಿಸ್ತ್ರಿಗಳು ಏನಾದರೂ ಸೋರಿದರೆ, ಕಾದರೆ, ಸಪ್ಪಳ ಕೆಟ್ಟರೆ ಇಂಜಿನ್ನು ನಿಲ್ಲಿಸಿ, ಸರಿಮಾಡಿ, ಮತ್ತೆ ಮುಂದುವರಿಸುತ್ತಾರೆ. ಮಾಮಾನ ಶಾಸ್ತ್ರದಲ್ಲಿ ನಿಲ್ಲಿಸುವುದೆಂಬ ಮಾತೇ ಇಲ್ಲ. "ನಿಲ್ಲಸೂ ಪ್ರಸಂಗ ಬಂತಂದ್ರ ಇಂಜಿನ್ ಕಟ್ಟೂ ಮುಂದ ತಪ್ಪು ಮಾಡೀ ಅಂತ ಅರ್ಥ. ನಾ ಯಾಕ ತಪ್ಪು ಮಾಡ್ಲಿ?" ಎನ್ನುವವರು ಅವರು.

ಆ ತಯಾರಿಯನ್ನಾದರೂ ನೀವು ನೋಡಬೇಕು! ಕ್ಯಾಮಿನ ಪ್ರತಿ ಉಬ್ಬಿಗೂ ಕಾಡಿಗೆಯಂಥ ಕರಿ ಗ್ರೀಸನ್ನು ಬೆರಳಿನಿಂದ ಸವರುತ್ತಾರೆ. ಮೊದಲ ಒದೆತಕ್ಕೇ ಇಂಜಿನ್ನು ಹತ್ತಿಕೊಳ್ಳಲಿ ಎಂದು ಕಾರ್ಬೊರೇಟರಿಗೆ ಮುಂಚೆಯೇ ಪೆಟ್ರೋಲು ಕುಡಿಸುತ್ತಾರೆ. ರೇಡಿಯೇಟರಿನ ಮುಂದೆ ಮನೆಯ ಟೇಬಲ್ ಫ್ಯಾನು ಬಂದು ಕೂರುತ್ತದೆ, ಪಕ್ಕದಲ್ಲಿ ಎರಡು ಬಕೆಟ್ ನೀರು. ಅಡುಗೆಮನೆಯ ಗೋಡೆ ಗಡಿಯಾರ ಇಳಿದು ಬಂದು ಶೆಡ್ಡಿನ ಮೊಳೆಗೆ ನೇತುಬೀಳುತ್ತದೆ. ಆಮೇಲೆ ಮಾಮಾ ಕಾಲಿಗೆ ನೀರು ಹಾಕಿಕೊಂಡು, ಚಪ್ಪಲಿ ಬಿಟ್ಟು, ಬಾನೆಟ್ಟಿನ ಮುಂದೆ ನಿಲ್ಲುತ್ತಾರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಾರೆ. ಇಪ್ಪತ್ತು ನಿಮಿಷ ಮಾತಿಲ್ಲ, ಕತೆಯಿಲ್ಲ. ಎಂಟು ಟ್ಯಾಪೆಟ್ಟುಗಳ ಸಪ್ಪಳವನ್ನು ಬೇರೆಬೇರೆಯಾಗಿ ಕೇಳುವ ಕಿವಿ ಅದು ಎಂದು ಜೋಯಿಡಾದಿಂದ ಮುಂಡಗೋಡದವರೆಗೆ ಹೆಸರು.

ಆ ಕಿವಿಯ ಕತೆಗೆ ಆಮೇಲೆ ಬರುತ್ತೇನೆ. ಮೊದಲು ಮದುವೆಯ ಕತೆ ಆಗಿಬಿಡಲಿ.

ಮಾಮಿಯ ತವರು ಮುಂಡಗೋಡ. ಮದುವೆ ಅಲ್ಲೇ. ಮದುಮಗ ಹೋಗಬೇಕಾದ ಕಾರು ಕಾರ್ಖಾನೆಯ ಗೆಳೆಯನದು, ಅದರ ಕ್ಯಾಮ್ ಹಿಂದಿನ ದಿನ ಬದಲಾಗಿತ್ತು. ಬದಲಿಸಿದವರು ಯಾರು ಎಂದು ಕೇಳಬೇಡಿ. ಅರಿಷಿಣ ಹಚ್ಚಿದ ಮೈಯಲ್ಲಿ ಶೆಡ್ಡಿಗೆ ಹೋಗಬಾರದೆಂದು ಯಾವ ಶಾಸ್ತ್ರದಲ್ಲಿದೆ? ಬೆಳಿಗ್ಗೆ ನೆಂಟರೆಲ್ಲ ಬಸ್ಸಿನಲ್ಲಿ ಮುಂದೆ ಹೋದರು. ಮದುಮಗ ಬಾಸಿಂಗ ಕಟ್ಟಿಕೊಂಡು ಕಾರು ಸ್ಟಾರ್ಟ್ ಮಾಡಿದರು ಮತ್ತು ಅಲ್ಲೇ ನಿಂತರು. ನನ್ನ ಅವ್ವ ಅತ್ತಳು, ಅಜ್ಜ ಬೈದರು. ಮಾಮಾ ಒಂದು ಬೆರಳೆತ್ತಿ ತೋರಿಸಿದರು, ಅಷ್ಟೆ. ಮುಂಡಗೋಡ ಮುಟ್ಟುವಷ್ಟರಲ್ಲಿ ಮುಹೂರ್ತ ಸರಿಯಾಗಿ ಇಪ್ಪತ್ತು ನಿಮಿಷದ ಹಿಂದೆ ದಾಟಿಹೋಗಿತ್ತು! ಭಟ್ಟರು ಪಂಚಾಂಗವನ್ನು ಹಿಂದೆ ಮುಂದೆ ತಿರುವಿ, ಎಲ್ಲಿಂದಲೋ ಇನ್ನೊಂದು ಮುಹೂರ್ತ ಹುಡುಕಿ ತೆಗೆದರು.

"ಅಂತರಪಟಾ ಸರಸಿದ್ರ ಮೊದ್ಲ ಪೆಟ್ರೋಲ್ ವಾಸನೀ ಬಂತು, ಆಮ್ಯಾಲೆ ಗಂಡನ ಮಾರಿ ಕಾಣಸ್ತು," ಎಂದು ಮಾಮಿ ಇವತ್ತಿಗೂ ಹೇಳುತ್ತಾರೆ. ಹೇಳುವಾಗ ನಗುವುದಿಲ್ಲ. ನಾವು ನಕ್ಕರೆ ಬೈಯುತ್ತಾರೆ.

ಮಾಮಿಯ ಬೈಗುಳ ಒಂದು ದೊಡ್ಡ ಶಾಖೆ. ಪ್ರತಿ ಕ್ಯಾಮಿಗೂ ಇಪ್ಪತ್ತು ನಿಮಿಷ ಬಾಗಿಲ ಕಟ್ಟೆಯ ಮೇಲೆ ಕುಳಿತು, ಅಕ್ಕಿ ಹಸನು ಮಾಡುತ್ತಲೋ ಸೊಪ್ಪು ಸೋಸುತ್ತಲೋ ಬಿಡದೆ ಬೈಯುತ್ತಾರೆ. "ಬಂದ್ಲು ನೋಡ್ರಿ ಸವತಿ! ಇಕಿ ಬಡಕೊಳ್ಳೂದು ಕೇಳಿ ಕೇಳಿ ನನ್ನ ಕಿವಿ ತೂತ ಬಿದ್ದಾವ! ಊರಾನ ಹೆಂಗಸ್ರು ಗಂಡ ಕುಡೀತಾನಂತ ಅಳ್ತಾರ, ನಾ ಏನಂತ ಹೇಳಿ ಅಳ್ಲಿ?" ಅಷ್ಟು ಬೈಯುವವರು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಕೇಳುವ ಧೈರ್ಯ ಆಗಿರಲಿಲ್ಲ.

ನನ್ನ ಅವ್ವನ ಕತೆ ಇನ್ನೂ ಚೆಂದ, ಏಳೆಂಟು ವರ್ಷದ ಹಿಂದಿನದು. ಧಾರವಾಡದಿಂದ ಎರಡು ವರ್ಷದ ಮೇಲೆ ತಮ್ಮನನ್ನು ನೋಡಲು ಬಂದಳು, ಕೈಯಲ್ಲಿ ಪೇಢೆ ಡಬ್ಬಿ. ಅಪರೂಪಕ್ಕೆ ಆ ದಿನ ಮಾಮಿ ಸಂತೆಗೆ ಹೋಗಿದ್ದರು, ಮನೆಗೆ ಕೀಲಿ. ಮಾಮಾ ಇಂಜಿನ್ನಿಗೆ ಕಿವಿ ಕೊಟ್ಟು ನಿಂತಿದ್ದರು. "ಏ ತಮ್ಮಾ!" ಅಂದಳು ಅವ್ವ. ಬೆರಳು ಮೇಲೆದ್ದಿತು. ಅವ್ವ ಬಿಸಿಲಿನಲ್ಲಿ ಐದು ನಿಮಿಷ ನಿಂತು, ಪೇಢೆ ಡಬ್ಬಿ ಸಮೇತ ತಿರುಗಿ ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟಳು. ಹಟ ಆ ಮನೆತನದ್ದೇ ಅಲ್ಲವೆ? ಇಪ್ಪತ್ತು ನಿಮಿಷ ಮುಗಿದದ್ದೇ ಮಾಮಾ ಅದೇ ಕಾರು ಹತ್ತಿ ಬಸ್ಸಿನ ಬೆನ್ನು ಹತ್ತಿದರು. ಹಳಿಯಾಳದಲ್ಲಿ ಅವ್ವ ಬಸ್ಸಿನಿಂದ ಇಳಿದಾಗ ತಮ್ಮ ಎದುರಿಗೆ ಕೈಮುಗಿದು ನಿಂತಿದ್ದ. "ಅಕ್ಕಾ, ಹತ್ತು ಗಾಡಿ. ಹೊಸಾ ಕ್ಯಾಮ್, ಹೆಂಗೂ ಒಂದ್ ನಲವತ್ತು ಕಿಲೋಮೀಟರ್ ಓಡ್ಸಬೇಕಾಗಿತ್ತು, ನೀ ಸಿಟ್ಟಾಗಿದ್ದು ಚೊಲೋನ ಆತು," ಅಂದರು. ಅವ್ವ ಗಾಡಿ ಹತ್ತಲಿಲ್ಲ, ಪೇಢೆಯನ್ನು ಹಳಿಯಾಳದಲ್ಲಿದ್ದ ನನಗೆ ಕೊಟ್ಟು ಹೋದಳು.

ಇನ್ನೊಂದು ಸಲ ಮುಂಡಗೋಡದ ಟಿಬೆಟನ್ ಕ್ಯಾಂಪಿನಿಂದ ಒಬ್ಬ ವಯಸ್ಸಾದ ಸನ್ಯಾಸಿ ಜೀಪು ತಂದಿದ್ದರು. ಮಾಮಾ ಸ್ಟಾರ್ಟ್ ಮಾಡಿ ಕಣ್ಣು ಮುಚ್ಚಿದರು. ಸನ್ಯಾಸಿಯೂ ಪಕ್ಕದ ಟೈರಿನ ಮೇಲೆ ಕುಳಿತು ಜಪಮಾಲೆ ತೆಗೆದು ಕಣ್ಣು ಮುಚ್ಚಿದರು. ನಡುವೆ ಆ ಕರ್ಕಶ ಸದ್ದು, ಕಟ್ಟೆಯಿಂದ ಮಾಮಿಯ ಸಹಸ್ರನಾಮ. ಇಪ್ಪತ್ತು ನಿಮಿಷದ ಮೇಲೆ ಇಬ್ಬರೂ ಒಟ್ಟಿಗೆ ಕಣ್ಣು ಬಿಟ್ಟರು.

"ಮಿಸ್ತ್ರಿ, ನಿಮ್ಮ ಧ್ಯಾನ ಬಾಳ ಗಟ್ಟಿ," ಅಂದರು ಸನ್ಯಾಸಿ. "ನನಗ ನಡುವ ಎರಡು ಸಲ ಚಾ ನೆನಪಾತು."

"ನನಗೇನೂ ನೆನಪಾಗ್ಲಿಲ್ರಿ. ಮೂರನೇ ಟ್ಯಾಪೆಟ್ ಒಂದು ಚೂರು ಬಿಗಿ ಐತಿ, ಅದಷ್ಟ," ಅಂದರು ಮಾಮಾ.

ನಗೆಯ ಕತೆಗಳು ಇಲ್ಲಿಗೆ ಸಾಕು. ಹೋದ ವರ್ಷ ಹಳಿಯಾಳದ ಒಬ್ಬ ಕಬ್ಬಿನ ರೈತನ ಜೀಪು ವಾಪಸು ಬಂತು. ಮಾಮಾ ಕ್ಯಾಮ್ ಹಾಕಿ ಇನ್ನೂ ತಿಂಗಳು ತುಂಬಿರಲಿಲ್ಲ. ಬಿಚ್ಚಿ ನೋಡಿದರೆ ಒಂದು ಉಬ್ಬು ಹಳೇ ಚಪ್ಪಲಿಯ ಹಿಮ್ಮಡಿಯಂತೆ ಸವೆದು ನುಣ್ಣಗಾಗಿತ್ತು. ಅಷ್ಟು ವರ್ಷಗಳಲ್ಲಿ ಮಾಮಾನ ಕೈಯಲ್ಲಿ ಕೆಟ್ಟ ಮೊದಲ ಕ್ಯಾಮ್ ಅದು. ಆ ಕ್ಯಾಮ್ ಹಾಕಿದಾಗ ಮಾಮಿ ಊರಲ್ಲಿರಲಿಲ್ಲ. ತಂಗಿಗೆ ಆರಾಮಿಲ್ಲವೆಂದು ಎಂಟು ದಿನ ಮುಂಡಗೋಡಕ್ಕೆ ಹೋಗಿದ್ದರು. ಒಬ್ಬರೇ ಅನ್ನ ಬೇಯಿಸಿಕೊಂಡು ಉಂಡು, ಕ್ಯಾಮಿನ ಮುಂದೆ ನಿಂತಿದ್ದರಂತೆ ಮಾಮಾ.

ರೈತ ಕೆಟ್ಟವನಲ್ಲ. ಆದರೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ನಾನೂ ಅಲ್ಲಿದ್ದೇನೆಂದು ಗೊತ್ತಿಲ್ಲದೆ, ಇನ್ನೊಬ್ಬನಿಗೆ ಹೇಳಿದ: "ಮಿಸ್ತ್ರಿಗೆ ಕಿವಿ ಹೋಗ್ಯಾವೋ. ಪಾಪ, ಈಗ ಬರೇ ಹೆಸರ ಉಳದೈತಿ."

ನಿಜ ಹೇಳಬೇಕೆಂದರೆ ನನಗೂ ಅನುಮಾನವಿತ್ತು. ಫೋನು ಮಾಡಿದರೆ ಮಾಮಾ ಈಗೀಗ ತಾವೇ ಒಂದೇಸಮನೆ ಮಾತಾಡಿ ಇಟ್ಟುಬಿಡುತ್ತಿದ್ದರು. ನಾನು ಕೇಳಿದ್ದೊಂದು, ಅವರು ಹೇಳುವುದೊಂದು. ಹುಬ್ಬಳ್ಳಿಗೆ ಹೋಗಿ ಕಿವಿ ತೋರಿಸೋಣ, ಬೇಕಾದರೆ ಮಿಷನ್ ಹಾಕಿಸೋಣ ಎಂದು ಒಮ್ಮೆ ಜೋರಾಗಿಯೇ ಹೇಳಿದ್ದೆ.

"ಕಿವ್ಯಾಗ ಮಿಷನ್ ಇಟ್ಕೊಂಡು ಮಿಷನ್ ಕೇಳೂದೇನ? ಹುಚ್ಚಿ!" ಎಂದು ನಕ್ಕಿದ್ದರು.

ಜೀಪಿನ ಸಂಗತಿ ಆದಮೇಲೆ ಆ ನಗು ಇರಲಿಲ್ಲ. ಶೆಡ್ಡಿನಲ್ಲಿ ಸವೆದ ಕ್ಯಾಮನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ನಾನು ಹೋದದ್ದು ಗೊತ್ತಾಗಲಿಲ್ಲ. ಎದುರಿಗೆ ನಿಂತಾಗ ಬೆಚ್ಚಿದರು. ಆಮೇಲೆ ಒಂದೇ ಮಾತು ಹೇಳಿದರು.

"ಇನ್ನೊಂದ ಕ್ಯಾಮ್ ನನ್ನ ಕೈಯಾಗ ಹಾಳಾತಂದ್ರ ಈ ಶೆಡ್ಡಿಗೆ ಕೀಲಿ ಜಡದು, ಮೌಳಂಗಿಗೆ ಹೋಗಿ ಕೀಲಿಕೈ ಹೊಳಿಗೆ ಒಗದು ಬರ್ತೇನಿ. ಮತ್ತ ಯಾರೂ ನನಗ ಮಿಸ್ತ್ರಿ ಅನಬಾರ್ದು."

ಮಾಮಾ ಆಡಿದರೆ ಮಾಡುವವರು. ತನ್ನ ಮದುವೆಗೇ ನಿಲ್ಲಿಸದ ಮನುಷ್ಯ ಬೇರೆ ಯಾರ ಮಾತಿಗೆ ನಿಂತಾರು? ಶೆಡ್ಡು ಮುಚ್ಚಿದ ಮಾಮಾ ಹೇಗಿರುತ್ತಾರೆಂದು ನೆನೆಯಲು ನನಗೆ ಭಯವಾಯಿತು. ಅವರ ಜೊತೆ ನಿವೃತ್ತರಾದ ಒಬ್ಬಿಬ್ಬರನ್ನು ಅದೇ ಓಣಿಯಲ್ಲಿ ನೋಡಿದ್ದೆ. ಬೆಳಿಗ್ಗೆ ಖುರ್ಚಿ ಹೊರಗೆ ತರುತ್ತಾರೆ, ಸಂಜೆ ಒಳಗೆ ಒಯ್ಯುತ್ತಾರೆ, ನಡುವೆ ಏನೂ ಇಲ್ಲ. ಮಾಮಾ ಆ ಖುರ್ಚಿಯಲ್ಲಿ ಒಂದು ವರ್ಷ ಬದುಕುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಆಮೇಲೆ ನಾಲ್ಕು ತಿಂಗಳು ಯಾರೂ ಬರಲಿಲ್ಲ. ಬಂದವನು ಜುಜೆ. ಜೋಯಿಡಾ ಕಡೆಯ ಒಂದು ಹಳ್ಳಿಯ ಸಿದ್ದಿ ರೈತ. ಹರೆಯದಲ್ಲಿ ಕಾರ್ಖಾನೆಗೆ ಬಿದಿರು ತರುವ ಲಾರಿಯಲ್ಲಿ ಹಮಾಲಿ ಮಾಡುತ್ತಿದ್ದಾಗಿನಿಂದ ಮಾಮಾನ ಗೆಳೆಯ. ಅವನ ದುಂಡು ಮೂತಿಯ ಬಿಳಿ ಕಾರಿನ ಕ್ಯಾಮ್ ಸವೆದು ಹೋಗಿತ್ತು. ಆ ಕಾರಿನ ಸಾಮಾನು ಈಗ ಎಲ್ಲಿಯೂ ಸಿಗುವುದಿಲ್ಲ. ಜುಜೆ ಬೆಳಗಾವಿಯ ಹಳೇ ಅಂಗಡಿಗಳನ್ನೆಲ್ಲ ಜಾಲಾಡಿ, ಮೇಣದ ಕಾಗದ ಸುತ್ತಿದ್ದ ಒಂದೇ ಒಂದು ಹೊಸ ಕ್ಯಾಮನ್ನು ಟ್ಯಾಪೆಟ್ಟುಗಳ ಸಮೇತ ಹುಡುಕಿ ತಂದಿದ್ದ.

"ಇದೊಂದ ಐತಿ ಮಿಸ್ತ್ರಿ. ಇದು ಹೋತಂದ್ರ ಕಾರ್ ತಿಪ್ಪಿಗೆ," ಅಂದ.

"ಹುಬ್ಬಳ್ಳಿಗೆ ಒಯ್ಯಿ. ಅಲ್ಲಿ ಹುಡುಗೂರ ಕಿವಿ ಚೊಲೋ ಇರ್ತಾವ," ಅಂದರು ಮಾಮಾ. ತಾವೇ ಬಾಯಿಬಿಟ್ಟು ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನಾ ನಿನ್ನ ಹತ್ರ ಬಂದೇನಿ. ಹುಬ್ಬಳ್ಳಿ ಹಾದಿ ನನಗೂ ಗೊತ್ತೈತಿ," ಎಂದು ಜುಜೆ ಕ್ಯಾಮಿನ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಹೋದ.

ಒಂದು ರವಿವಾರ ಬೆಳಿಗ್ಗೆ ಮುಹೂರ್ತ. ನಾನು ಹಳಿಯಾಳದಿಂದ ಮೊದಲ ಬಸ್ಸಿಗೇ ಬಂದೆ. ನನ್ನದೊಂದು ಗುಟ್ಟಿನ ಯೋಜನೆಯಿತ್ತು: ನಾನೇ ಕಿವಿಗೊಟ್ಟು ಕೇಳುವುದು, ಏನಾದರೂ ವ್ಯತ್ಯಾಸ ಕಂಡರೆ ಮಾಮಾನಿಗೆ ಹೇಳುವುದು. ಶಬ್ದ ತರಂಗಗಳ ಪಾಠ ಮಾಡುವವಳು, ಅಷ್ಟು ಗೊತ್ತಾಗುವುದಿಲ್ಲವೆ? ಎಂಥ ಸೊಕ್ಕು ನೋಡಿ!

ಎಲ್ಲ ಎಂದಿನಂತೆ ನಡೆಯಿತು. ಫ್ಯಾನು ಬಂತು, ಬಕೆಟ್ಟು ಬಂತು, ಗಡಿಯಾರ ಬಂತು. ಜುಜೆ ಸ್ಟೇರಿಂಗಿನ ಹಿಂದೆ ಕುಳಿತು ಚಾವಿ ಹಿಡಿದ. ಮಾಮಿ ಕಟ್ಟೆಯ ಮೇಲೆ ಮೊರದ ತುಂಬ ಅಕ್ಕಿ ಇಟ್ಟುಕೊಂಡು ಕುಳಿತರು. ಮಾಮಾ ಚಪ್ಪಲಿ ಬಿಟ್ಟು, ಒಂದು ಅಂಗೈಯನ್ನು ಮಡಗಾರ್ಡಿನ ಮೇಲೆ ಊರಿ ತಲೆಯಾಡಿಸಿದರು. ಮೊದಲ ಒದೆತಕ್ಕೇ ಇಂಜಿನ್ನು ಹತ್ತಿಕೊಂಡಿತು. ಅಂಗೈಯ ನಡುಕದಿಂದಲೇ ರೇಸನ್ನು ಅಳೆದು ಹದಕ್ಕೆ ತಂದರು. ಓಣಿ ತುಂಬ ಸದ್ದು.

ನಾನು ಕಿವಿಗೊಟ್ಟೆ. ಕೇಳಿಸಿದ್ದು ಒಂದೇ: ಗರ್ರ್ ಎಂಬ ಗದ್ದಲ. ಎಂಟು ಟ್ಯಾಪೆಟ್ಟು ಹಾಗಿರಲಿ, ಇಂಜಿನ್ ಯಾವುದು ಫ್ಯಾನ್ ಯಾವುದು ಎಂದು ಬೇರೆಮಾಡಲೂ ಆಗಲಿಲ್ಲ. ಹತಾಶಳಾಗಿ ಮಾಮಾನ ಮುಖ ನೋಡಿದೆ. ಸ್ಕ್ರೂಡ್ರೈವರ್ ಕಿವಿಗೇ ಇತ್ತು. ಆದರೆ ಕಣ್ಣು ಮುಚ್ಚಿರಲಿಲ್ಲ! ಮಾಮಾ ಇಂಜಿನ್ನನ್ನೂ ನೋಡುತ್ತಿರಲಿಲ್ಲ. ಬಾನೆಟ್ಟಿನ ಆಚೆ, ಕಟ್ಟೆಯ ಕಡೆಗೆ, ರೆಪ್ಪೆ ಬಡಿಯದೆ ನೋಡುತ್ತಿದ್ದರು.

ಅಲ್ಲಿ ಮಾಮಿ ಮೊರದಲ್ಲಿ ಅಕ್ಕಿಯನ್ನು ಒಂದೇ ಲಯದಲ್ಲಿ ಕೇರುತ್ತಿದ್ದರು. ಬಾಯಿ ಮುಚ್ಚಿತ್ತು. ಅಂದು ಒಂದು ಬೈಗುಳವೂ ಇರಲಿಲ್ಲ. ತಲೆ ಒಂದಿಷ್ಟು ಓರೆ, ಕಣ್ಣು ಅಕ್ಕಿಯ ಮೇಲೆ, ಹಣೆಯಲ್ಲಿ ಬೆವರು. ಅಕ್ಕಿ ಹಸನು ಮಾಡಲು ಅಷ್ಟು ಬೆವರು ಬರುತ್ತದೆಯೆ? ನನಗೆ ಆಗಲೂ ಪೂರ್ತಿ ತಿಳಿಯಲಿಲ್ಲ.

ಗಡಿಯಾರದಲ್ಲಿ ಹನ್ನೊಂದು ನಿಮಿಷವಾಗಿತ್ತು. ಮಾಮಿಯ ಮೊರ ತಟ್ಟನೆ ನಿಂತಿತು. ಕತ್ತು ಇನ್ನಷ್ಟು ಓರೆಯಾಯಿತು. ಅಕ್ಕಿ ಚೆಲ್ಲಿದ್ದನ್ನೂ ಲೆಕ್ಕಿಸದೆ ಎದ್ದು ನಿಂತು, ಬಲಗೈಯನ್ನು ಎದೆಯ ಮಟ್ಟಕ್ಕೆತ್ತಿ ಅಂಗೈ ಅಡ್ಡ ಹಿಡಿದರು. ನಿಲ್ಲಿಸಿ! ಆಮೇಲೆ ಎರಡು ಬೆರಳು ತೋರಿಸಿದರು.

ಮಾಮಾ ಒಂದು ಕ್ಷಣವೂ ಯೋಚಿಸಲಿಲ್ಲ. "ಬಂದ್ ಮಾಡು!" ಎಂದು ಕೂಗಿದರು.

"ಹನ್ನೊಂದ ನಿಮಿಷ ಆಗೇತಿ ಮಿಸ್ತ್ರಿ!" ಎಂದ ಜುಜೆ ಗಾಬರಿಯಿಂದ. ಮಾಮಾನ ನಿಯಮ ಅವನಿಗೆ ಗೊತ್ತಿಲ್ಲವೆ?

ಮಾಮಾ ಅವನ ಕಡೆ ತಿರುಗಿ ಚಾವಿ ಹೊರಳಿಸುವಂತೆ ಕೈಮಾಡಿ ಮತ್ತೊಮ್ಮೆ ಕೂಗಿದರು. "ಬಂದ್ ಮಾಡಂದೆ ನಾ!"

ಇಂಜಿನ್ನು ನಿಂತಿತು. ನನ್ನ ಜನ್ಮದಲ್ಲಿ ಆ ಶೆಡ್ಡಿನಲ್ಲಿ ಬಾಣಂತನದ ನಡುವೆ ಅಂಥ ಮೌನ ನಾನು ಕಂಡಿರಲಿಲ್ಲ. ಮಾಮಾ ಸುಡುವ ಮುಚ್ಚಳವನ್ನು ಬಟ್ಟೆ ಸುತ್ತಿ ಬಿಚ್ಚಿದರು. ಮುಂದಿನಿಂದ ಎರಡನೆಯ ಟ್ಯಾಪೆಟ್ಟಿನ ಅಂತರ ಹಿಡಿದಿಡುವ ನಟ್ಟು ಸಡಿಲಾಗಿತ್ತು. ಬೆರಳಿನಿಂದ ಮುಟ್ಟಿದರೆ ಅಲುಗುತ್ತಿತ್ತು. ಇನ್ನು ಒಂಬತ್ತು ನಿಮಿಷ ಹಾಗೆಯೇ ಓಡಿದ್ದರೆ ಅದು ಹೊಸ ಉಬ್ಬನ್ನು ಜಜ್ಜಿ ಮುಗಿಸುತ್ತಿತ್ತು. ಹಳಿಯಾಳದ ಜೀಪಿಗೆ ಏನಾಗಿತ್ತೆಂದು ನನಗೆ ಹೊಳೆದದ್ದು ಆಗ.

ಮಾಮಾ ಅಂತರ ಅಳೆದು, ನಟ್ಟು ಬಿಗಿದು, ಮುಚ್ಚಳ ಹಾಕಿ ಮತ್ತೆ ಸ್ಟಾರ್ಟ್ ಮಾಡಿಸಿದರು. ಉಳಿದ ಒಂಬತ್ತು ನಿಮಿಷ ಸಾಕು ತಾನೆ? ಛೆ, ಎಲ್ಲಿಯ ಮಾತು! ಗಡಿಯಾರದ ಮುಳ್ಳನ್ನು ತಾವೇ ತಿರುಗಿಸಿ ಮೊದಲಿನಿಂದ ಇಪ್ಪತ್ತು ನಿಮಿಷ ಎಣಿಸಿದರು. ಅಡುಗೆಮನೆಯ ಗಡಿಯಾರ ಅವತ್ತಿನಿಂದ ಅರ್ಧ ತಾಸು ಹಿಂದೆಯೇ ಇದೆ.

ಮುಗಿದ ಮೇಲೆ ಎಣ್ಣೆಯನ್ನು ಬಿಸಿ ಇರುವಾಗಲೇ ಇಳಿಸಿ, ಬಿಳಿ ಬನಿಯನ್ ಬಟ್ಟೆಯಲ್ಲಿ ಸೋಸಿ ಬಿಸಿಲಿಗೆ ಹಿಡಿದರು. ಉಬ್ಬು ಸವೆದಿದ್ದರೆ ಬಟ್ಟೆಯಲ್ಲಿ ಕಬ್ಬಿಣದ ಪುಡಿ ಫಳಫಳ ಹೊಳೆಯುತ್ತದೆ. ನಾವು ನಾಲ್ವರೂ ತಲೆಗೆ ತಲೆ ಹಚ್ಚಿ ನೋಡಿದೆವು. ಕರಿ ಗ್ರೀಸಿನ ಕಲೆ ಬಿಟ್ಟರೆ ಏನೂ ಇರಲಿಲ್ಲ.

ಜುಜೆ ಮಾಮಾನ ಹೆಗಲ ಮೇಲೆ ಕೈಯಿಟ್ಟು ಕಿವಿಯ ಹತ್ತಿರ ಬಾಯಿ ಒಯ್ದು ಜೋರಾಗಿ ಹೇಳಿದ: "ಮಿಸ್ತ್ರಿ ಕಿವಿ ಅಂದ್ರ ಕಿವಿ! ನಾ ಜೋಯಿಡಾದಾಗ ಎಲ್ಲಾರಿಗೂ ಹೇಳ್ತೇನಿ!" ಹಾಗೆ ಹೇಳುತ್ತಲೇ ಮಾಮಾನ ಬೆನ್ನ ಹಿಂದಿನಿಂದ ಮಾಮಿಗೆ ಎರಡೂ ಕೈ ಜೋಡಿಸಿದ. ಅವನಿಗೆ ಎಲ್ಲ ಗೊತ್ತಾಗಿತ್ತು. ಕಾರು ಹೋದ ಮೇಲೆ ಮಾಮಾ ನಲ್ಲಿಯ ಹತ್ತಿರ ಕೈ ತೊಳೆಯಲು ಕುಳಿತರು.

ನಾನು ಕಟ್ಟೆಯ ಮೇಲೆ ಮಾಮಿಯ ಪಕ್ಕ ಕುಳಿತೆ. ಚೆಲ್ಲಿದ ಅಕ್ಕಿಯನ್ನು ಇಬ್ಬರೂ ಆಯತೊಡಗಿದೆವು.

"ಯಾವಾಗಿಂದ ಮಾಮಿ?"

"ನಾಕ ವರ್ಷ ಆತು. ಮೊದ್ಲ ಎಡಗಿವಿ ಹೋತು, ಆಮ್ಯಾಲೆ ಬಲದ್ದು."

"ಮತ್ತ ಹಳಿಯಾಳದ ಜೀಪು?"

"ನಾ ಇದ್ದಿದ್ದಿಲ್ಲಲ್ಲ ಯವ್ವಾ. ಬರೂತನಕ ತಡೀರಿ ಅಂದಿದ್ದೆ, ಕೇಳ್ಲಿಲ್ಲ. ನಾ ಇಲ್ದನೂ ಆಗ್ತೈತೇನು ಅಂತ ನೋಡ್ಬೇಕಾಗಿತ್ತು ಅವರಿಗೆ."

"ಟ್ಯಾಪೆಟ್ ಸಪ್ಪಳಾ ನಿಮಗ ಯಾರು ಕಲಿಸಿದ್ರು?"

ಮಾಮಿ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದರು. "ಯಾರ್ ಕಲಸ್ತಾರ? ನಲವತ್ತು ವರ್ಷ ಬೈಕೋತ ಕೇಳೇನಿ. ಬೈಬೇಕಂದ್ರ ಪೂರಾ ಕೇಳ್ಬೇಕಾಗ್ತೈತಿ."

ನನಗೆ ನಗು ಬರಲಿಲ್ಲ. ಆ ಕಟ್ಟೆ ಬಿಟ್ಟು ಅವರು ಯಾಕೆ ಎದ್ದುಹೋಗುತ್ತಿರಲಿಲ್ಲ ಎಂದು ಇಷ್ಟು ವರ್ಷ ನನಗೆ ತಿಳಿದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ನಾನು ತಲೆ ತಗ್ಗಿಸಿ ಅಕ್ಕಿ ಆಯುತ್ತಿದ್ದೆ. ಮಾಮಿ ನಲ್ಲಿಯ ಕಡೆ ನೋಡುತ್ತಿದ್ದರು. ಮಾಮಾ ನಮಗೆ ಬೆನ್ನು ಹಾಕಿ, ಸಾಬೂನಿಗೆ ಮಣ್ಣು ಬೆರೆಸಿ ಉಗುರಿನ ಸಂದಿ ಉಜ್ಜುತ್ತಿದ್ದರು.

ಆಗ ಮಾಮಿ ಮಾತಾಡಿದರು. ಆ ದನಿಯನ್ನು ನಾನು ಯಾವತ್ತೂ ಕೇಳಿರಲಿಲ್ಲ. ಬೈಗುಳದ ದನಿಯಲ್ಲ, ನನ್ನ ಜೊತೆ ಮಾತಾಡುವ ದನಿಯೂ ಅಲ್ಲ. ತೀರ ಮೆಲ್ಲಗೆ, ಆ ಬೆನ್ನಿಗೆ ಹೇಳಿದರು.

"ಬಾಳ ಹೆದರಿದ್ದೆ ನೋಡ್ರಿ ಇವತ್ತ. ನಿಮ್ಮಂಥಾ ಚೊಲೋ ಮನಶ್ಯಾನ್ನ ನಾ ಎಲ್ಲೂ ನೋಡಿಲ್ಲ. ನೀವು ಸುಮ್ಮ ಕುಂತ್ರ ಈ ಮನ್ಯಾಗ ನಾ ಏನ್ ಕೇಳ್ಕೋತ ಇರ್ಲಿ? ನೀವು ಮಾಡ್ಕೋತ ಇರ್ರಿ. ನಾ ಕೇಳ್ತೇನಿ."

ದಿನಾಲೂ ಹೀಗೆಯೇ ಹೇಳುತ್ತಾರೇನೋ, ಅವರು ಆ ಕಡೆ ತಿರುಗಿದ್ದಾಗ. ಮಾಮಾ ನಲ್ಲಿ ನಿಲ್ಲಿಸಿ, ಕೈ ಝಾಡಿಸುತ್ತ ಎದ್ದು ಈ ಕಡೆ ತಿರುಗಿದರು. ಮಾಮಿಯ ತುಟಿ ಆಡಿದ್ದು ಕಂಡಿರಬೇಕು.

"ಏನಂದಿ?"

"ಎಣ್ಣಿ ಕೈಲೆ ಬಾಗಲಾ ಮುಟ್ಟಬ್ಯಾಡ್ರಿ ಅಂದೆ!" ಎಂದು ಓಣಿಗೆಲ್ಲ ಕೇಳುವಂತೆ ಕಿರುಚಿದರು ಮಾ‌ಮಿ.

"ಇಲ್ಲ ಬಿಡವಾ, ಮುಟ್ಟೂದಿಲ್ಲ," ಎನ್ನುತ್ತ ಮಾಮಾ ಬಾಗಿಲನ್ನು ಮೊಣಕೈಯಿಂದ ದೂಡಿಕೊಂಡು ಒಳಗೆ ಹೋದರು.